ಗಾಳಿ ಬೇಡದ ಪೇಟಿ

ಹೈದರಾಬಾದಿನಲ್ಲಿ ಯಾವ ಮಾಲಿನ ಯಾವ ಮೂಲೆಯಲ್ಲಿ ಪಿಯಾನೊ ಇದೆ, ಯಾವ ಪಿಯಾನೊದಲ್ಲಿ ಯಾವ ಕರಿಮನೆ ಒತ್ತಿದರೆ ಮೇಲೇಳುವುದಿಲ್ಲ, ಯಾವ ಹೋಟೆಲಿನವರು ಕರೆದು ಕೂರಿಸುತ್ತಾರೆ, ಯಾವ ಹೋಟೆಲಿನವರು ಬಾಗಿಲಲ್ಲೇ ಕೈ ಮುಗಿದು ಸಾಗಹಾಕುತ್ತಾರೆ, ಇವೆಲ್ಲ ನಮ್ಮ ಮಾಮಾನಿಗೆ ಬಾಯಿಪಾಠ. ಆದರೆ ಮಲ್ಕಾಜ್‌ಗಿರಿಯ ತನ್ನ ಸ್ವಂತ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿ ನೋಡಿ! ಕಪಾಟನ್ನೆಲ್ಲ ತಡಕಾಡಿ, ಉಪ್ಪಿನ ಡಬ್ಬಿ ತಂದು ಕೈಗಿಟ್ಟು, "ಇದ ಇರಬೇಕು ನೋಡು" ಅನ್ನುತ್ತಾನೆ. ಆ ಚಹಾ ಕುಡಿದವರಲ್ಲಿ ನಾನೂ ಒಬ್ಬಳು.

ಹಾಗಾದರೆ ಇವನಿಗೆ ಪಿಯಾನೊ ಬರುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ! ಬರುವುದಿಲ್ಲ! ಬಾರದ ವಾದ್ಯವನ್ನು ಇಷ್ಟು ಧೈರ್ಯವಾಗಿ, ಇಷ್ಟು ಮಂದಿಯ ಎದುರು, ಅದೂ ಒಂದೇ ಕೈಯಲ್ಲಿ ನುಡಿಸುವವನು ಈ ಊರಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಕಾಲಿಗೆ ಬೀಳುತ್ತೇನೆ.

ಮಾಮಾ ನನ್ನ ಅವ್ವನ ತಮ್ಮ. ರೈಲ್ವೆಯಲ್ಲಿ ಗಾರ್ಡ್ ಆಗಿ ಹಸಿರು ಬಾವುಟ ಬೀಸಿ ಬೀಸಿ ನಿವೃತ್ತನಾದವನು. ನಮ್ಮ ಮನೆತನ ಕಲಬುರಗಿ ಕಡೆಯದು. ಅಜ್ಜನ ಕಾಲಕ್ಕೇ ನೌಕರಿಯೆಂದು ಇಲ್ಲಿಗೆ ಬಂದು, ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಅಡುಗೆಮನೆಯಲ್ಲಿ ಕನ್ನಡ ಎಂದು ನಾಲಿಗೆಯನ್ನು ಮೂರು ಪಾಲು ಮಾಡಿಕೊಂಡು ಬದುಕಿದ್ದೇವೆ. ಮಾಮಾನ ಹೆಸರು ಮಾತ್ರ ಹೇಳುವುದಿಲ್ಲ. ಅವನಿಗೆ ನಾಚಿಕೆಯಾದೀತು ಎಂದಲ್ಲ. ಇದನ್ನು ಓದಿ ಇನ್ನಷ್ಟು ಉಬ್ಬಿದರೆ ಸಂಭಾಳಿಸಬೇಕಾದವಳು ಮಾಮಿ, ಅವಳ ಮೇಲಿನ ಕರುಣೆಯಿಂದ.

ಮಾಮಾನ ನಿಜವಾದ ವಾದ್ಯ ಪೇಟಿ. ನೀವು ಹಾರ್ಮೋನಿಯಂ ಅನ್ನುತ್ತೀರಲ್ಲ, ಅದಕ್ಕೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಓಣಿಯ ಹಣಮಪ್ಪನ ಗುಡಿಯಲ್ಲಿ ಶನಿವಾರಕ್ಕೊಮ್ಮೆ ಭಜನೆ. ಮಾಮಾನದು ಪೇಟಿ, ಮಾಮಿಯದು ಹಾಡು. ಲಗ್ನವಾದಂದಿನಿಂದ ಇದೇ ಜೋಡಿ. ಮನೆಯಲ್ಲಿ ಇಬ್ಬರಿಗೂ ಒಂದು ಮಾತಿಗೂ ಹೊಂದಿಕೆಯಿಲ್ಲ. ಅವನು ಫ್ಯಾನ್ ಹಾಕಿದರೆ ಅವಳು ಆರಿಸುತ್ತಾಳೆ, ಅವಳು ಕಿಟಕಿ ತೆರೆದರೆ ಅವನು ಮುಚ್ಚುತ್ತಾನೆ. ಆದರೆ ಗುಡಿಯಲ್ಲಿ ಕೂತರೆ ಮುಗಿಯಿತು, ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಅವಳಿಗಿಂತ ಮೊದಲು ಅವನ ಬೆರಳಿಗೆ ಗೊತ್ತಾಗುತ್ತಿತ್ತು.

ಪೇಟಿಗೆ ಎರಡು ಕೈ ಬೇಕು. ಎಡಗೈಯಲ್ಲಿ ಹಿಂದಿನ ತಿದಿಯನ್ನು ಒತ್ತಿ ಒತ್ತಿ ಗಾಳಿ ಹಾಕಬೇಕು, ಬಲಗೈ ಬೆರಳನ್ನು ಸ್ವರದ ಕರಿ ಬಿಳಿ ಮನೆಗಳ ಮೇಲೆ ಆಡಿಸಬೇಕು. ಒಂದು ಶನಿವಾರ ಹಾಡು ಏರಿದ್ದ ಹೊತ್ತಿನಲ್ಲಿ ಪೇಟಿ ಉಸ್ಸೆಂದು ನಿಂತುಹೋಯಿತು.

"ತೂಕಡಸ್ತೀರೇನ್ರಿ? ಗಾಳಿ ಹಾಕ್ರಿ!" ಎಂದು ಮಾಮಿ ತಿರುಗಿ ಗದರಿದಳು.

ತಿರುಗಿ ನೋಡಿದರೆ ಮಾಮಾನ ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು. ಎಡಗೈ ತಿದಿಯ ಮೇಲಿಂದ ಜಾರಿ ಚಾಪೆಯ ಮೇಲೆ ಬಿದ್ದಿತ್ತು. ಲಕ್ವಾ ಹೊಡೆದಿತ್ತು. ಭಜನೆಯವರೆಲ್ಲ ಸೇರಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ತಾಳ, ಪೇಟಿ, ಆರತಿ ತಟ್ಟೆ ಎಲ್ಲ ಎಲ್ಲಿದ್ದವೋ ಅಲ್ಲೇ ಉಳಿದವು.

ನಮ್ಮ ಭಜನೆಗೆ ಒಂದು ಕಟ್ಟಳೆಯಿದೆ. ಕೂತ ಮೇಲೆ ಮಂಗಳ ಹಾಡಿ, ಆರತಿ ಎತ್ತದೆ ಯಾರೂ ಏಳುವಂತಿಲ್ಲ. ಕರೆಂಟು ಹೋಗಲಿ, ಮಗು ಅಳಲಿ, ಒಲೆ ಮೇಲಿಟ್ಟ ಹಾಲು ಉಕ್ಕಲಿ, ಮಂಗಳ ಆಗಲೇಬೇಕು. ನಡುವೆ ಎದ್ದರೆ ಭಜನೆ ಮುಗಿಯಲಿಲ್ಲ ಎಂದೇ ಲೆಕ್ಕ. ಆ ಶನಿವಾರದ ಭಜನೆಗೆ ಮಂಗಳ ಆಗಲಿಲ್ಲ.

ದೇವರು ದೊಡ್ಡವನು, ಮಾಮಾ ಉಳಿದ. ಮಾತು ಮರಳಿತು, ಕಾಲೂ ಮರಳಿತು. ಎಡಗೈ ಮಾತ್ರ ಬೇಕಾದರೆ ಏಳುತ್ತದೆ, ಬೇಡವಾದರೆ ತೊಡೆಯ ಮೇಲೆ ಬೆಕ್ಕಿನ ಹಾಗೆ ಮಲಗಿರುತ್ತದೆ. ಮತ್ತು ಮಾಮಿ ಹಾಡು ಬಿಟ್ಟಳು. ಗುಡಿಯಲ್ಲಿ ಮಾತ್ರವಲ್ಲ, ರೊಟ್ಟಿ ಬಡಿಯುವಾಗ ಗುನುಗುವುದನ್ನೂ ಬಿಟ್ಟಳು! ಭಜನೆಯವರು ಇನ್ನೊಬ್ಬರನ್ನು ಪೇಟಿಗೆ ಕೂರಿಸುತ್ತೇವೆ ಬರ್ರಿ ಎಂದರು. "ಮಂದಿ ಪೇಟಿಗೆ ನನ್ನ ದನಿ ಹೊಂದಂಗಿಲ್ರಿ" ಎಂದುಬಿಟ್ಟಳು. ಆ ಮನೆಯ ರೊಟ್ಟಿ ತಿಂದು ಬೆಳೆದವಳು ನಾನು. ಹಾಡಿಲ್ಲದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವಷ್ಟೇ ಕೇಳತೊಡಗಿತು.

ಅಂದಿನಿಂದ ಮಾಮಾನಿಗೆ ಹಿಡಿದದ್ದು ಒಂದೇ ಹಟ. ಮಾಮಿ ಹಾಡಬೇಕು, ಬಾಕಿ ಉಳಿದ ಆ ಮಂಗಳ ಮುಗಿಯಬೇಕು, ಅದಕ್ಕೆ ನುಡಿಸುವವನು ತಾನೇ ಆಗಿರಬೇಕು. ಒಂದು ಕೈಯಲ್ಲಿ ಹೇಗೆ? ಅಲ್ಲಿಂದ ಶುರುವಾಯಿತು ನೋಡಿ ನಮ್ಮೆಲ್ಲರ ಪಾಡು.

ಮೊದಲು ನಮ್ಮ ಮನೆಯವರು ಮುಂದೆ ಬಂದರು. "ನೀವು ಬೆರಳು ಆಡಿಸ್ರಿ, ನಾ ಗಾಳಿ ಹಾಕ್ತೀನಿ" ಎಂದು ಅಂಗಿಯ ತೋಳು ಮೇಲೇರಿಸಿ ಕೂತರು. ಸ್ವಭಾವತಃ ಎಲ್ಲದರಲ್ಲೂ ಉತ್ಸಾಹ ಹೆಚ್ಚು. ಪೇಟಿ ಕಿರ್ರೋ ಎಂದು ಚೀರಿತು, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

"ಅಳಿಯಂದ್ರ, ಇದು ಪೇಟಿ ಐತ್ರಿ, ಪಂಕ್ಚರ್ ಆದ ಟೈರ್ ಅಲ್ಲ!" ಎಂದ ಮಾಮಾ. "ಅಗಿಯೂ ಬಾಯಿ ಒಬ್ಬರದು, ನುಂಗೂ ಗಂಟಲಾ ಒಬ್ಬರದು ಆದ್ರ ಊಟ ಹ್ಯಾಂಗ ಆಗಬೇಕು?"

"ಮಾಮಿ, ನೀನ ಗಾಳಿ ಹಾಕ್ಕೋತ ಹಾಡಬಾರದ?" ಎಂದು ನಾನು ಕೇಳಿದೆ. ಅವಳು ಮೆಂತ್ಯಪಲ್ಲೆ ಬಿಡಿಸುತ್ತ ಕಣ್ಣೆತ್ತಲಿಲ್ಲ.

"ಪೇಟಿಗೆ ಗಾಳಿ ನಾ ಹಾಕಿದ್ರ, ನನಗ ಉಸುರು ನೀ ಕೊಡ್ತಿಯೇನು?"

ಆಮೇಲೆ ನಾನು ಕರೆಂಟಿನ ಕೀಬೋರ್ಡ್ ತಂದುಕೊಟ್ಟೆ. ಗಾಳಿಯ ಗೊಡವೆಯೇ ಇಲ್ಲ, ಒಂದು ಕೈ ಸಾಕು! ಎಂಥ ಬುದ್ಧಿವಂತೆ ನಾನು ಎಂದು ಒಂದು ಇಡೀ ದಿನ ಬೀಗಿದೆ. ಮರುದಿನ ಮುಂಜಾನೆ ಮಾಮಿ ದೇವರ ಮುಂದೆ ದೀಪ ಹಚ್ಚುವಾಗ ಮಾಮಾ ಯಾವ ಗುಂಡಿ ಒತ್ತಿದನೋ, ಅದರೊಳಗಿಂದ ಢಮಢಮ ಢಂ ಎಂದು ಡೋಲು ಶುರುವಾಯಿತು. ಏನು ಒತ್ತಿದರೂ ನಿಲ್ಲದು.

"ದೇವರ ಮುಂದ ಇದೇನ್ರಿ ಲಗ್ನದ ಬಾರಾತ್!" ಎಂದು ಮಾಮಿ ವೈರನ್ನೇ ಕಿತ್ತಳು.

ಮಾಮಾನೂ ಅದನ್ನು ಒಪ್ಪಲಿಲ್ಲ. "ಒತ್ತಿದ್ರೂ ಅಷ್ಟ, ಸವರಿದ್ರೂ ಅಷ್ಟ. ಅದಕ್ಕ ಬೆರಳಿನ ಮರ್ಯಾದೀನ ತಿಳಿಯಂಗಿಲ್ಲ" ಎಂದ. ಆ ಕೀಬೋರ್ಡ್ ಈಗ ಅಟ್ಟದ ಮೇಲೆ ಹಳೆಯ ಗಾದಿಗಳ ಜೊತೆ ಇದೆ. ನನ್ನ ಬುದ್ಧಿವಂತಿಕೆಯೂ ಅಲ್ಲೇ ಇದೆ.

ಪಿಯಾನೊ ಸಿಕ್ಕದ್ದು ಆಸ್ಪತ್ರೆಯಲ್ಲಿ. ಕೈಯ ಕಸರತ್ತಿಗೆಂದು ಅವನನ್ನು ಕರೆದುಕೊಂಡು ಹೋಗುವ ಪಾಳಿ ನನ್ನದು. ಉಪ್ಪಲ್‌ನಲ್ಲಿ ನಾನು ಶಾಲೆಯ ಟೀಚರು, ರಜೆ ಹೆಚ್ಚು ಎಂದು ಎಲ್ಲರ ಭಾವನೆ. ಹೊಸದಾಗಿ ಥಳಥಳಿಸುವ ಆಸ್ಪತ್ರೆ, ಒಳಗೆ ಹೋದರೆ ಯಾರಿಗೂ ರೋಗವೇ ಇಲ್ಲವೇನೋ ಅನ್ನಿಸುವಂಥದು. ಮುಂದಿನ ದೊಡ್ಡ ಹಾಲಿನಲ್ಲಿ ಗಿಡದ ಕುಂಡಗಳ ನಡುವೆ ಒಂದು ಕರಿ ಪಿಯಾನೊ. ಬರುವವರ ಮನಸ್ಸಿಗೆ ಹಿತವಾಗಲಿ, ಬೇಕಾದವರು ನುಡಿಸಲಿ ಎಂದು ಇಟ್ಟದ್ದಂತೆ.

ನಾನು ಕೌಂಟರಿನಲ್ಲಿ ಚೀಟಿ ಮಾಡಿಸಿ ತಿರುಗುವುದರೊಳಗೆ ಮಾಮಾ ಮಾಯ! ನೋಡಿದರೆ ಪಿಯಾನೊದ ಹಿಂದೆ ಮೊಣಕಾಲೂರಿ, ಒಂದೇ ಕೈಯಲ್ಲಿ ಅದರ ಬೆನ್ನು ತಡವುತ್ತಿದ್ದಾನೆ. ಏನು ಹುಡುಕುತ್ತಿದ್ದ ಹೇಳಿ? ತಿದಿ! ಗಾಳಿ ಹಾಕುವ ಹಲಗೆ ಹಿಂದೆ ಇರಲೇಬೇಕಲ್ಲ! ಅಷ್ಟರಲ್ಲಿ ಯಾರೋ ಮುದುಕರು ಬಿದ್ದರೆಂದು ಕೂಗಿದರು. ಗಾಲಿಕುರ್ಚಿ ಬಂತು, ಇಬ್ಬರು ನರ್ಸುಗಳು ಬಂದರು, ಮಾಮಾನನ್ನು ಎತ್ತಿ ಕೂರಿಸಿ ಎಮರ್ಜೆನ್ಸಿಯ ಕಡೆ ದೌಡಾಯಿಸಿದರು. "ನಹೀ ಗಿರಾ ಅಮ್ಮಾ! ಪೇಟಿ ದೇಖ್ ರಹಾ ಥಾ!" ಎಂದು, ಅಂದರೆ ಬಿದ್ದಿಲ್ಲ ಪೇಟಿ ನೋಡುತ್ತಿದ್ದೆ ಎಂದು, ಇವನು ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಕೂಗುತ್ತಿದ್ದರೆ, "ಬಾಯಿ ತೊದಲಾಕತ್ತೈತೇನು ನೋಡ್ರಿ" ಎಂದು ಪಕ್ಕದಲ್ಲಿದ್ದ ನಮ್ಮ ಕಡೆಯ ಹೆಂಗಸೊಬ್ಬಳು ಕನಿಕರಪಟ್ಟಳು. ಬಿ.ಪಿ. ನೋಡಿ, ನಾಲಿಗೆ ನೋಡಿ, ಟಾರ್ಚು ಹಾಕಿ ಕಣ್ಣು ನೋಡಿ ಬಿಟ್ಟ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಇದು:

"ಅದಕ್ಕ ಗಾಳಿ ಬ್ಯಾಡೇನು?"

"ಬ್ಯಾಡ ಮಾಮಾ. ಒಳಗ ತಂತಿ ಇರ್ತಾವು, ಸಣ್ಣ ಸುತ್ತಿಗಿ ಬಡೀತಾವು."

ಅವನ ಮುಖ ನೀವು ನೋಡಬೇಕಿತ್ತು. ನನಗೇ ಅಳು ಬಂತು. "ಒಂದ ಕೈ ಸಾಕು ಅನ್ನು!" ಎಂದ. ಆ ದಿನ ಕೈಯ ಕಸರತ್ತು ಹಾಗೇ ಉಳಿಯಿತು.

ಕೈ ಸುಧಾರಿಸಿ ಪೇಟಿ ಹಿಡಿಯುವವರೆಗೆ ಇದೇ ಸೈ ಎಂದು ಆಮೇಲೆ ಊರೆಲ್ಲ ಶೋಧ. ಗಾರ್ಡಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಪಿಯಾನೊಗಳಿಗೂ ದರ್ಜೆ ಕಟ್ಟಿದ. ಆಸ್ಪತ್ರೆಯದು ಪ್ಯಾಸೆಂಜರ್, ನಿಧಾನ ಆದರೆ ನಂಬಿಕಸ್ಥ. ಮಾಲಿನದು ಗೂಡ್ಸ್, ಸಪ್ಪಳವೇ ಹೆಚ್ಚು. ದೊಡ್ಡ ಹೋಟೆಲಿನದು ಸೂಪರ್‌ಫಾಸ್ಟ್, ಮುಟ್ಟಿದರೆ ಓಡುತ್ತದೆ, ಆದರೆ ನಮ್ಮಂಥವರಿಗೆ ಹತ್ತಲು ಕೊಡುವುದಿಲ್ಲ. ಅಲ್ಲಿಯೂ ಹತ್ತಿದ ಅನ್ನಿ. ಗಿರಾಕಿಗಳು ಮಾತ್ರ ಎಂದು ಮ್ಯಾನೇಜರು ಹೇಳಿದ್ದಕ್ಕೆ ಒಂದು ಚಹಾ ತರಿಸಿ, ಬಸಿಯಲ್ಲಿ ಹೊಯ್ದು ಸೊರ್ರೆಂದು ಕುಡಿದು, "ಈಗ ಆದೆನಿಲ್ಲೋ ಗಿರಾಕಿ?" ಎಂದು ಎದ್ದು ಹೋಗಿ ಕೂತ!

ಅವನು ಕೂರುವ ಸಂಭ್ರಮವೇ ಬೇರೆ. ಚಪ್ಪಲಿ ಕಳಚಬೇಕು. ಮನೆಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ಆ ಎತ್ತರದ ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕಾಲು ಕೆಳಗೆ ಬಿಟ್ಟು ಭಜನೆ ಮಾಡುತ್ತಾರೆಯೇ? ಬೀಳದಂತೆ ಹಿಂದೆ ನಿಂತು ಹಿಡಿದುಕೊಳ್ಳುವವಳು ನಾನು. ರಾಗ ಏರಿದಂತೆ ಅವನು ತೂಗುತ್ತಾನೆ, ಅವನ ಜೊತೆ ನಾನೂ ತೂಗುತ್ತೇನೆ. ನೋಡಿದವರು ಇದೂ ಕಾರ್ಯಕ್ರಮದ ಭಾಗವೇ ಎಂದುಕೊಳ್ಳುತ್ತಾರೆ.

ಗೊತ್ತಿರುವ ಪದ ನುಡಿಸುತ್ತಾನೆಯೇ? ಅದೂ ಇಲ್ಲ. "ಪದಾ ನುಡಸಾಕ ಹಾಡಾಕಿ ಬೇಕು. ಹಾಡಾಕಿ ಮನ್ಯಾಗ ಕುಂತಾಳ" ಎನ್ನುತ್ತಾನೆ. ಹಾಗಾಗಿ ಅಲ್ಲಿ ಏನು ಕಿವಿಗೆ ಬಿತ್ತೋ ಅದನ್ನೇ ಹಿಡಿದು ಬೆಳೆಸುವುದು. ಲಿಫ್ಟು ಟಿಂಗ್ ಎಂದರೆ ಅದೇ ಷಡ್ಜ. ಮಗು ಐಸ್‌ಕ್ರೀಮಿಗೆ ಅತ್ತರೆ ಆ ಅಳುವಿನ ಏರಿಳಿತದಿಂದ ಒಂದು ಆಲಾಪ. ಒಮ್ಮೆ ಹಾಗೆ ಅಳುತ್ತಿದ್ದ ಮಗು ತನ್ನ ಅಳು ಪಿಯಾನೊದೊಳಗಿಂದ ಬರುವುದನ್ನು ಕೇಳಿ ದಂಗಾಗಿ ಸುಮ್ಮನಾಯಿತು. ಅದರ ತಾಯಿ ದಿನಾ ಬರುತ್ತೀರಾ ಎಂದು ವಿಚಾರಿಸಿದಳು.

ಅಮೀರ್‌ಪೇಟ್ ಮೆಟ್ರೊ ಸ್ಟೇಷನ್ನಿನಲ್ಲಿ ಕೆಲವು ದಿನ ಯಾರೋ ಹುಡುಗರ ಗುಂಪು, ಬೇಕಾದವರು ನುಡಿಸಿ ಎಂದು ಬೋರ್ಡು ಹಾಕಿ ಒಂದು ಪಿಯಾನೊ ಇಟ್ಟಿತ್ತು. ಸುದ್ದಿ ಮಾಮಾನಿಗೆ ನನಗಿಂತ ಮೊದಲೇ ಮುಟ್ಟಿತು. ರೈಲಿನ ಬಾಗಿಲು ಮುಚ್ಚುವ ಪೀಂ ಪೀಂ ಕೇಳಿದ್ದೇ "ಏ ಹುಚ್ಚಿ, ಈ ಗಾಡಿ ಸುರದಾಗ ಐತಿ!" ಎಂದು ಕೂಗಿ ಅದರ ಮೇಲೆ ಶುರುವಿಟ್ಟುಕೊಂಡ. ಅಮೀರ್‌ಪೇಟ್ ಎಂದರೆ ಗೊತ್ತಲ್ಲ, ಕಂಪ್ಯೂಟರ್ ಕಲಿಸುವ, ಪರೀಕ್ಷೆಗೆ ಕೂರಿಸುವ ಕೋಚಿಂಗ್ ಸೆಂಟರುಗಳ ಜಾತ್ರೆ. ಅಲ್ಲಿ ಕೋರ್ಸು ಮಾಡದೆ ಯಾರಿಗಾದರೂ ಏನಾದರೂ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಬೆನ್ನಿಗೆ ಬ್ಯಾಗು ಹಾಕಿದ ಒಬ್ಬ ಯುವಕ ಕೊನೆಯವರೆಗೂ ಕೇಳಿ, ಹತ್ತಿರ ಬಂದು, "ಅಂಕಲ್, ಯೇ ಕೌನ್ಸಾ ಕೋರ್ಸ್ ಹೈ? ಫಾಸ್ಟ್‌ಟ್ರ್ಯಾಕ್ ಹೈ ಕ್ಯಾ?" ಎಂದ.

"ಹೌ ಬೇಟಾ, ಫಾಸ್ಟ್‌ಟ್ರ್ಯಾಕ್ ಹೈ. ಚಾಲೀಸ್ ಸಾಲ್ ಕಾ!"

"ಪ್ಲೇಸ್‌ಮೆಂಟ್ ದೇತೆ?"

"ದೇತೆ ನಾ! ಹನುಮಾನ್‌ಜೀ ಕೇ ಸಾಮ್ನೆ!"

ನಲವತ್ತು ವರ್ಷದ ಕೋರ್ಸು, ಹಣಮಪ್ಪನ ಮುಂದೆ ನೌಕರಿ ಎಂದು ಕೇಳಿಯೂ ಯುವಕ ಗಂಭೀರವಾಗಿ ತಲೆಯಾಡಿಸಿ ಹೋದ. ಆ ಸೆಂಟರನ್ನು ಅವನು ಇನ್ನೂ ಹುಡುಕುತ್ತಿರಬಹುದು.

ಖಂಡೇನವಮಿಯ ದಿನದ ಕತೆಯನ್ನಂತೂ ನಾನು ಮರೆಯುವ ಹಾಗಿಲ್ಲ. ಅವತ್ತು ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಸ್ಕೂಟರಿನವರೆಗೆ ಕೆಲಸದ ವಸ್ತುವಿಗೆಲ್ಲ ಪೂಜೆ. ಮಾಮಾ ಮುಂಜಾನೆಯೇ ಮನೆಯ ಪೇಟಿಗೆ ಹೂವೇರಿಸಿ, ಅಷ್ಟಕ್ಕೇ ಸುಮ್ಮನಿರದೆ, ಕೈಚೀಲದಲ್ಲಿ ಕುಂಕುಮ, ಚೆಂಡುಹೂವು, ಎಲೆ ಅಡಿಕೆ ತುಂಬಿಕೊಂಡು ಮಾಲಿಗೆ ಹೊರಟ. "ವರ್ಷಪೂರ್ತಿ ದುಡಿಸಿಕೊಂಡು ಹಬ್ಬದ ದಿನಾ ಕೈ ಬಿಟ್ರ ಪಾಪ ಬರತೈತಿ" ಎಂದು ವಾದ. ನಾನು ಬೇಡವೆಂದು ಬಾಗಿಲಿಗೆ ಅಡ್ಡ ನಿಂತೆ. ನನ್ನ ಹಣೆಗೂ ಒಂದು ಕುಂಕುಮ ಇಟ್ಟು ದಾಟಿಕೊಂಡು ಹೋದ!

ಥಳಥಳ ಹೊಳೆಯುವ ಆ ಪಿಯಾನೊಕ್ಕೆ ಕುಂಕುಮ ಹಚ್ಚಿ, ಹೂ ಇಟ್ಟು, ಕರ್ಪೂರದ ಪೊಟ್ಟಣ ಬಿಚ್ಚುವ ಹೊತ್ತಿಗೆ ಸೆಕ್ಯೂರಿಟಿಯವನು ಬಂದ. ಹೋಯಿತು ಮಾನ ಎಂದು ನಾನು ಬೇರೆ ಕಡೆ ಮುಖ ಮಾಡಿ, ಅಪರಿಚಿತಳಂತೆ ಬಟ್ಟೆಯಂಗಡಿಯ ಗೊಂಬೆ ನೋಡುತ್ತ ನಿಂತೆ. ಅವನೋ, ಕರ್ಪೂರ ಮಾತ್ರ ಬೇಡ, ಹೊಗೆಗೆ ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತದೆ ಎಂದು ಮೆಲ್ಲಗೆ ಹೇಳಿ, ಕೈಯಲ್ಲಿದ್ದ ತಪಾಸಣೆಯ ಕೋಲನ್ನು ಪಿಯಾನೊದ ಮೇಲೆ ಹೂವಿನ ಪಕ್ಕ ಮಲಗಿಸಿದ. ಬಾಗಿಲಲ್ಲಿ ನಮ್ಮ ಮೈಮೇಲೆಲ್ಲ ಸವರುತ್ತಾರಲ್ಲ, ಅದು.

"ಸಾರ್, ದೀನಿಕಿ ಗೂಡ ಜರ ಬೊಟ್ಟು ಪೆಟ್ಟುಂಡ್ರಿ" ಎಂದ. ಇದಕ್ಕೂ ಒಂದು ಬೊಟ್ಟು ಇಡಿ ಅಂತ!

ಅದನ್ನು ನೋಡಿ ನೆಲ ಒರೆಸುವವಳು ತನ್ನ ಯಂತ್ರ ತಳ್ಳಿಕೊಂಡು ಬಂದಳು. ಕಾಫಿಯಂಗಡಿಯವನು ಹಾಲು ನೊರೆ ಬರಿಸುವ ಜಗ್ಗು ತಂದ. ಮಾಮಾ ಎಲ್ಲಕ್ಕೂ ಬೊಟ್ಟಿಟ್ಟು ಶುದ್ಧ ಪುರೋಹಿತನಂತೆ ಬಾಳೆಹಣ್ಣು ಹಂಚಿದ. ಅಪರಿಚಿತಳಾಗಿ ನಿಂತಿದ್ದ ನನಗೂ ಒಂದು ಸಿಕ್ಕಿತು.

ಈ ಎಲ್ಲ ತಿರುಗಾಟದ ಬಗ್ಗೆ ಮಾಮಿಯ ಅಭಿಪ್ರಾಯ? "ಹೊಂಟರು ನೋಡು, ಊರ ಮಂದಿ ಪೇಟಿ ಮ್ಯಾಲಿನ ಧೂಳಾ ಒರಸಾಕ!" ಎನ್ನುತ್ತಾಳೆ. ಎನ್ನುತ್ತಲೇ ಮಫ್ಲರ್ ಸುತ್ತಿ, ಗುಳಿಗೆ ಚೀಟಿ ಜೇಬಿಗಿಟ್ಟು, ಡಬ್ಬಿಯಲ್ಲಿ ಅವಲಕ್ಕಿ ತುಂಬಿ ಕೊಡುತ್ತಾಳೆ. ಒಮ್ಮೆಯೂ ಜೊತೆಗೆ ಬಂದವಳಲ್ಲ. ಮಾಮಾ ದಿನಾ ಕರೆಯುತ್ತಿದ್ದ, ಅವಳಿಗೆ ದಿನಾ ಒಂದು ನೆಪ. ಮೊಣಕಾಲು ನೋವು, ಹಪ್ಪಳ ಒಣಹಾಕಬೇಕು, ನಳದ ನೀರು ಬರುತ್ತದೆ. ನಳದ ನೀರು ಬರುವುದು ಮುಂಜಾನೆ, ನಾವು ಹೋಗುವುದು ಮಧ್ಯಾಹ್ನ!

ಆದರೆ ಅವನು ಕಾಲು ತೊಳೆಯಲು ಒಳಗೆ ಹೋದಾಗ ಮೆಲ್ಲಗೆ ನನ್ನ ಹತ್ತಿರ ಬರುತ್ತಿದ್ದಳು.

"ಯಾವ ಮನಿಯಿಂದ ಹಿಡದಿದ್ರು?"

"ನನಗೇನ್ ತಿಳೀತೈತಿ ಮಾಮಿ? ಕರಿದು ಒಂದು."

"ಕರಿದು ಅಂದ್ರ? ಎರಡರ ಗುಂಪಿಂದೋ, ಮೂರರದೋ?"

"ಮೂರರದು. ನಡುವಿಂದು."

ಅದು ಕರಿ ನಾಲ್ಕು, ಅಂದರೆ ಮಾಮಿ ಹಾಡುವ ಶ್ರುತಿ. ಗಂಡಸಿನ ದನಿಗೆ ಅದು ಹೊಂದುವುದಿಲ್ಲ. ಮಾಲಿನಲ್ಲಿ, ಸ್ಟೇಷನ್ನಿನಲ್ಲಿ, ಲಿಫ್ಟಿನ ಟಿಂಗ್ ಹಿಡಿದರೂ, ಮಗುವಿನ ಅಳು ಹಿಡಿದರೂ, ಮಾಮಾ ಸುತ್ತಿ ಬಳಸಿ ಕೊನೆಗೆ ಆ ಮನೆಗೇ ಬಂದು ನಿಲ್ಲುತ್ತಿದ್ದ. ಮಾಮಿ ಅಷ್ಟು ಕೇಳಿ ಒಳಗೆ ಹೋಗಿಬಿಡುತ್ತಿದ್ದಳು. ಇಷ್ಟು ಕೇಳುವವಳು ಹಾಡಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಎಂಥ ಕಲ್ಲು ಮನಸ್ಸಿನ ಹೆಂಗಸು ಎಂದೂ ಅಂದುಕೊಂಡದ್ದುಂಟು.

ಮೊನ್ನೆ ಆಸ್ಪತ್ರೆಯ ಡಾಕ್ಟರು, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು. ಈ ಸಲ ನೆಪ ನಡೆಯಲಿಲ್ಲ. ಮಾಮಿ ಇಳಕಲ್ ಸೀರೆ ಉಟ್ಟು, ಮೇಲೊಂದು ಶಾಲು ಹೊದ್ದು ಬಂದಳು. ಹಾಲಿನಲ್ಲಿ ಪಿಯಾನೊ ಕಂಡಾಗ ನೋಡದವಳಂತೆ ನೋಡಿದಳು. "ಇದನ ಏನು?" ಎಂದಳು. "ಇದು ಪ್ಯಾಸೆಂಜರ್" ಎಂದು ಮಾಮಾ ಹೆಮ್ಮೆಯಿಂದ ಪರಿಚಯ ಮಾಡಿಸಿದ.

ಡಾಕ್ಟರು ಒಳ್ಳೆಯ ಮನುಷ್ಯ. ಕೈ ಹಿಡಿದು, ಮಡಿಸಿ, ಬಿಡಿಸಿ ನೋಡಿ, ಸುಧಾರಿಸಬೇಕಾದಷ್ಟು ಸುಧಾರಿಸಿದೆ ಎಂದರು. ಅಂಗಿಯ ಗುಂಡಿ ಹಾಕಿಕೊಳ್ಳಬಹುದು, ತಾಟು ಹಿಡಿದುಕೊಳ್ಳಬಹುದು. ಇದಕ್ಕಿಂತ ಹೆಚ್ಚಿನ ಬಲದ ಆಸೆ ಇಟ್ಟುಕೊಳ್ಳಬೇಡಿ ಎಂದರು.

"ಪೇಟಿ?" ಎಂದ ಮಾಮಾ.

ಡಾಕ್ಟರಿಗೆ ತಿಳಿಯಲಿಲ್ಲ. ಮಾಮಾ ಬಲಗೈಯಿಂದ ಗಾಳಿಯಲ್ಲಿ ತಿದಿ ಒತ್ತಿ ತೋರಿಸಿದ. ಅದು ಎಡಗೈ ಮಾಡಬೇಕಾದ ಕೆಲಸ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

ಹೊರಗೆ ಬಂದೆವು. ಮಾಮಾ ಹಾಲಿನಲ್ಲಿ ಪಿಯಾನೊದ ಪಕ್ಕದಿಂದಲೇ ನಡೆದ, ಆದರೆ ಅತ್ತ ತಿರುಗಿಯೂ ನೋಡಲಿಲ್ಲ! ಇಷ್ಟು ದಿನದಲ್ಲಿ ಇದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಯಿತು. ಪೇಟಿ ಮತ್ತೆ ಹಿಡಿದೇ ಹಿಡಿಯುತ್ತೇನೆ, ಅಲ್ಲಿಯವರೆಗೆ ಈ ಪಿಯಾನೊಗಳು ಎಂದು ಊರೆಲ್ಲ ಕುಣಿದವನು, ಪಟ್ಟನೆ ಮುದುಕನಾಗಿಬಿಟ್ಟಿದ್ದ. ಬಾಗಿಲ ತನಕ ಹೋಗಿ ತಿರುಗಿದರೆ ಮಾಮಿ ನಮ್ಮ ಜೊತೆ ಇಲ್ಲ. ಪಿಯಾನೊದ ಹತ್ತಿರವೇ ನಿಂತಿದ್ದಾಳೆ.

"ಏನ್ರಿ, ಕೂಡಂಗಿಲ್ಲೇನು?"

"ಇವತ್ತ ಬ್ಯಾಡ. ನಡಿ ಮನಿಗೆ."

"ಬ್ಯಾಡ ಅಂದ್ರ? ಊರ ಮಂದಿಗೆಲ್ಲ ಕೇಳಿಸೀರಿ. ನಾನೊಬ್ಬಾಕಿ ಬ್ಯಾಡಾದೆನೇನು?"

ಮಾಮಾ ಹಿಂದೆ ಬಂದ. ಚಪ್ಪಲಿ ಕಳಚಿದ. ಹತ್ತಿ ಕೂತ, ಬೆನ್ನಿಗೆ ನಾನು ನಿಂತೆ. ಮಾಮಿ ಅತ್ತಿತ್ತ ನೋಡಿದಳು, ಹೆಗಲ ಮೇಲಿನ ಶಾಲು ತೆಗೆದು ಆ ಕನ್ನಡಿಯಂಥ ನೆಲದ ಮೇಲೆ ಹಾಸಿದಳು, ಮೊಣಕಾಲು ಹಿಡಿದುಕೊಂಡು "ಹಣಮಪ್ಪಾ" ಎನ್ನುತ್ತ ಕೂತೇಬಿಟ್ಟಳು. ಸೆಕ್ಯೂರಿಟಿಯವನು ಓಡಿ ಬಂದು, "ಅಮ್ಮಾ, ಕಿಂದ ಕೂಸೋವದ್ದು" ಎಂದ, ನೆಲದ ಮೇಲೆ ಕೂರಬೇಡಿ ಎಂದು.

"ಭಜನಿಗೆ ಯಾರರ ಕುರ್ಚಿ ಮ್ಯಾಲೆ ಕೂಡ್ತಾರೇನೋ ತಮ್ಮಾ?" ಎಂದಳು ಮಾಮಿ. ಅವನಿಗೆ ಕನ್ನಡ ತಿಳಿಯಲಿಲ್ಲ, ಮಾಮಿಯ ಮುಖ ತಿಳಿಯಿತು. ಸುಮ್ಮನೆ ಹೋದ.

ಮಾಮಾ ಕರಿ ನಾಲ್ಕು ಒತ್ತಿದ. ಪಿಯಾನೊದ ಸ್ವರ ಪೇಟಿಯ ಹಾಗೆ ನಿಲ್ಲುವುದಿಲ್ಲ, ಒತ್ತಿದ ಕ್ಷಣವೇ ಸೊರಗಲು ಶುರುವಾಗುತ್ತದೆ. ಅದಕ್ಕೆ ಅವನು ಮತ್ತೆ ಮತ್ತೆ ಬಡಿದು ಎಬ್ಬಿಸುತ್ತಿರುತ್ತಾನೆ. ಅವತ್ತು ಬೆರಳಿಗೆ ಅದೂ ಬೇಡವಾಗಿತ್ತು. ಒಮ್ಮೆ ಒತ್ತಿದ, ಸ್ವರ ಸಣ್ಣದಾಗುತ್ತ ಹೋಯಿತು. ಅದು ಪೂರ್ತಿ ಹೋಗುವ ಮೊದಲೇ ಮಾಮಿ ಬಾಯಿ ತೆಗೆದಳು.

ಆ ಶನಿವಾರ ಗುಡಿಯಲ್ಲಿ ಅರ್ಧಕ್ಕೆ ನಿಂತಿತ್ತಲ್ಲ, ಅದೇ ಪದ, ನಿಂತ ಸಾಲಿನಿಂದಲೇ. ದನಿ ಮೊದಲು ಒಡೆಯಿತು, ಕೆಮ್ಮಿದಳು, ಮತ್ತೆ ಹಿಡಿದಳು. ಮಾಮಾ ಸ್ಟೂಲಿನ ಮೇಲೆಯೇ ಅವಳ ಕಡೆ ವಾಲಿದ, ನಾನು ಬಿಗಿಯಾಗಿ ಹಿಡಿದುಕೊಂಡೆ. ಆದರೆ ಬೆರಳು? ಅವಳು ಉಸಿರು ತೆಗೆದುಕೊಳ್ಳುವ ಜಾಗ ಒಂದನ್ನೂ ಅವು ಮರೆತಿರಲಿಲ್ಲ! ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದ ಯಾದಗಿರಿ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ತಾಳ ಹಾಕತೊಡಗಿದ. "ಆಹಾ, ಹಾಡ್ರಿ ಯವ್ವಾರ, ನಮ್ಮೂರಾಗ ಕುಂತಂಗಾತು!" ಎಂದ. ಟೋಕನ್ ನಂಬರ್ ಕೂಗುವವಳು ಸಾಲು ಮುಗಿಯುವವರೆಗೆ ಕಾದು ಕಾದು ಕೂಗಿದಳು. ಒಂದು ಪದ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ನಾನು ಜೀವಮಾನದಲ್ಲಿ ಅಷ್ಟು ಸಂತೋಷಪಟ್ಟದ್ದಿಲ್ಲ.

ಕೊನೆಗೆ ಮಾಮಾ ಕಣ್ಣು ಒರೆಸಿಕೊಂಡು ಮಂಗಳದ ಧಾಟಿ ಎತ್ತಿಕೊಂಡ. ಇಷ್ಟು ದಿನ ಅವನು ಕಾದದ್ದೇ ಇದಕ್ಕೆ. ಗೌಂಡಿ ಕುಂಟುತ್ತ ಎದ್ದು ನಿಂತು ಕೈ ಮುಗಿದ. ಆಗ ಮಾಮಿ ಕೂತಲ್ಲಿಂದಲೇ ಕೈ ಚಾಚಿ ಮಾಮಾನ ಕೈ ಹಿಡಿದಳು, ನುಡಿಸುವ ಕೈಯನ್ನು.

"ಮಂಗಳಾ ಬ್ಯಾಡ್ರಿ."

"ಯಾಕ? ಅವತ್ತಿಂದು ಬಾಕಿ ಐತೆಲ್ಲ?"

"ಇರ್ಲಿ. ಬಾಕಿ ಇತ್ತಂತನ ನೀವು ತಿರುಗಿ ಬಂದ್ರಿ." ಮಾಮಿ ನೆಲ ನೋಡುತ್ತ ಹೇಳಿದಳು. "ಅವತ್ತ ದವಾಖಾನ್ಯಾಗ ನಿಮ್ಮನ್ನ ಒಳಗ ಒಯ್ದಾಗ ಬಾಗಲದಾಗ ನಿಂತು ಹಣಮಪ್ಪನ ಕೂಡ ಜಗಳಾ ಮಾಡೀನಿ. ಭಜನಿ ಮುಗಿದಿಲ್ಲ, ಮಂಗಳಾ ಆಗಿಲ್ಲ, ನಡಕ ಎಬ್ಬಿಸಿಕೊಂಡು ಹೋಗಾಕ ನಿನಗ ಹಕ್ಕಿಲ್ಲ ಅಂತ. ಅಂವ ಮಾತು ಕೇಳಿದ. ಹಾಡಾಕ ಕುಂತ್ರ ಮುಗಸಬೇಕಾಗತೈತೆಲ್ರಿ, ಅದಕ್ಕ ಬಾಯಿ ಮುಚ್ಚಿಕೊಂಡಿದ್ದೆ. ನಾ ಮುಗಸಂಗಿಲ್ಲ."

ಮಾಮಾ ಮನೆಗಳ ಮೇಲಿಂದ ಬೆರಳು ಎತ್ತಿ ಅವಳ ಕೈಯನ್ನೇ ಹಿಡಿದುಕೊಂಡ. ಕಲ್ಲು ಮನಸ್ಸಿನ ಹೆಂಗಸು ಎಂದುಕೊಂಡಿದ್ದ ನಾನು ಅವನ ಬೆನ್ನ ಹಿಂದೆ ಮುಖ ಮರೆಸಿಕೊಂಡು ಅತ್ತೆ, ಆಸ್ಪತ್ರೆ ಎಂಬುದನ್ನೂ ನೋಡದೆ ಸಶಬ್ದವಾಗಿ ಅತ್ತೆ.

"ಹಂಗಾರ," ಎಂದ ಮಾಮಾ, ಬೆರಳನ್ನು ಮತ್ತೆ ಕರಿ ನಾಲ್ಕಕ್ಕೆ ಒಯ್ದು, "ಇನ್ನೊಂದು ಪದಾ ತಗೀ."

ಮಾಮಿ ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೊಂದು ಪದ ತೆಗೆದಳು.